ಮೂರು ಮೆಷಿನ್, ಒಂದು ಹುಣಸೆಮರ

ಮೇಸ್ತ್ರಿಯ ಬಲಗೈ ಹೆಬ್ಬೆರಳಿನ ಉಗುರು ಇದ್ದಿಲಿನಷ್ಟು ಕಪ್ಪಗಿತ್ತು. ಎರಡೂ ಕಿವಿಗಳಲ್ಲಿ ಹತ್ತಿ. ಮರ ಕೊಯ್ಯುವ ಮೆಷಿನ್‌ಗಳ ಅಬ್ಬರಕ್ಕೆ ಕಿವಿ ಮುಕ್ಕಾಲು ಹೋಗಿತ್ತು. ಉಳಿದ ಕಾಲು ಭಾಗಕ್ಕೆ ಈ ಹತ್ತಿ ಎನ್ನುತ್ತಿದ್ದರು. ಮೆಷಿನ್ ಚಾಲೂ ಮಾಡಿ, ಹಿಡಿಯ ಮೇಲೆ ಆ ಹೆಬ್ಬೆರಳನ್ನಿಟ್ಟು ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ಒಳಗೆ ಏನು ಕೆಟ್ಟಿದೆ ಎಂದು ಅದರ ನಡುಕವೇ ಅವರಿಗೆ ಹೇಳುತ್ತಿತ್ತು.

ನಾನು ಚಳ್ಳಕೆರೆಯ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದಾಗ ಮೇಸ್ತ್ರಿ ಕೈ ಕೊಯ್ದುಕೊಂಡು ಬಂದಿದ್ದರು. ಮರುದಿನ ಎಂಟಕ್ಕೆ ಡ್ರೆಸ್ಸಿಂಗ್‌ಗೆ ಬರಲು ಹೇಳಿದ್ದೆ. ಎಂಟೂ ಕಾಲಿಗೆ ಬಂದರು. ಸಾಲಿನ ಕೊನೆಗೆ ನಿಲ್ಲಿಸಿದೆ. ಅದರ ಮರುದಿನ ಎಂಟಕ್ಕೆ ಐದು ನಿಮಿಷ ಇರುವಾಗಲೇ ಬಾಗಿಲಲ್ಲಿದ್ದರು. ಹೊತ್ತಿಗೆ ಸರಿಯಾಗಿ ಕೆಲಸ ಮಾಡುವವರು ಒಬ್ಬರನ್ನೊಬ್ಬರು ಬೇಗ ಗುರುತಿಸುತ್ತಾರೆ. ಅಂದಿನಿಂದ ನನ್ನ ನಿವೃತ್ತಿಯ ನಂತರವೂ ನಮ್ಮ ಪರಿಚಯ ಉಳಿಯಿತು.

ಬಳ್ಳಾರಿ ರಸ್ತೆಯಲ್ಲಿ ಅವರದೊಂದು ತಗಡಿನ ಅಂಗಡಿ. ಮೊಳಕಾಲ್ಮೂರಿನ ಮಗ್ಗದ ಮನೆಯಲ್ಲಿ ಹುಟ್ಟಿದವರು, ರೇಷ್ಮೆ ಎಳೆ ಹಿಡಿಯಬೇಕಾದ ಬೆರಳುಗಳಿಗೆ ಗ್ರೀಸ್ ಮೆತ್ತಿಕೊಂಡಿದ್ದರು. ಜಾಲಿ ಕಡಿಯುವವರು ದೂರದೂರದಿಂದ ಅವರಲ್ಲಿಗೆ ಬರುತ್ತಿದ್ದುದು ಒಂದೇ ಕೆಲಸಕ್ಕೆ: ಸೈಲೆನ್ಸರ್ ತೆರೆಸಲು. ಕಂಪನಿಯಿಂದ ಬರುವ ಮೆಷಿನ್‌ನ ಸೈಲೆನ್ಸರ್ ಬಾಯಿ ತೀರ ಕಿರಿದು. ಹೊಗೆ ಒಳಗೇ ಸಿಕ್ಕಿಕೊಂಡು, ಗಟ್ಟಿ ಮರದಲ್ಲಿ ಮೆಷಿನ್ ಮುಗ್ಗರಿಸುತ್ತದೆ. ಮೇಸ್ತ್ರಿ ಸೈಲೆನ್ಸರ್ ಬಿಚ್ಚಿ, ಮಸಿ ಕೆರೆದು, ಬಾಯಿ ಅಗಲ ಮಾಡುತ್ತಿದ್ದರು. ಇನ್ನೂ ವೇಗ ಬೇಕೆಂದವರಿಗೆ ಪಕ್ಕದಲ್ಲಿ ಎರಡನೆಯ ತೂತು. ಕಿಡಿ ಹಾರದಂತೆ ತಡೆಯುವ ಜಾಲರಿಯನ್ನು ಮಾತ್ರ ಮರೆಯದೆ ಮತ್ತೆ ಕೂರಿಸುತ್ತಿದ್ದರು. ಕೊನೆಗೆ ಕಾರ್ಬೊರೇಟರಿನ ಸ್ಕ್ರೂ ಒಂದಿಷ್ಟು ತಿರುವಿ ಪೆಟ್ರೋಲ್ ಹೆಚ್ಚಿಸುತ್ತಿದ್ದರು.

"ಉಸಿರು ಜಾಸ್ತಿ ಬಿಡಂಗೆ ಮಾಡಿದ್ಮೇಲೆ ಊಟನೂ ಜಾಸ್ತಿ ಹಾಕ್ಬೇಕು ಸಿಸ್ಟರ್. ಇಲ್ಲಾಂದ್ರೆ ಕಾದು ಪಿಸ್ಟನ್ ಸುಟ್ಟೋಗ್ತೈತೆ" ಎಂದು ಅವರೇ ನನಗೆ ಹೇಳಿಕೊಟ್ಟಿದ್ದು. ಆ ಪಾಠವನ್ನು ನಾನು ಯಾವುದಕ್ಕೆ ಬಳಸಲು ಹೊರಟೆ ಎನ್ನುವುದನ್ನು ಮುಂದೆ ಹೇಳುತ್ತೇನೆ.

ರಾಂಪುರದ ಹತ್ತಿರ ನನ್ನ ಹೊಲದ ಅಂಚಿನಲ್ಲಿ ಅವ್ವ ನೆಟ್ಟ ಹುಣಸೆಮರವಿತ್ತು. ಇಬ್ಬರು ತಬ್ಬಿದರೂ ಕೈ ಕೂಡುತ್ತಿರಲಿಲ್ಲ. ಒಂದು ಸೋಮವಾರ ಹೋಗಿ ನೋಡಿದರೆ ಬುಡ ಮಾತ್ರ ಇತ್ತು. ದಿಮ್ಮಿ, ಕೊಂಬೆ ಯಾವುದೂ ಇಲ್ಲ. ಪಕ್ಕದ ಹೊಲ ನನ್ನ ಚಿಕ್ಕಪ್ಪನ ಮಗನದು. ನೆರಳಿಗೆ ಶೇಂಗಾ ಹಾಳಾಗುತ್ತದೆ ಎಂದು ಅವನು ನಾಲ್ಕು ವರ್ಷದಿಂದ ಗೊಣಗುತ್ತಿದ್ದ. ಕೇಳಿದರೆ ತಾನು ಬಳ್ಳಾರಿಯಲ್ಲಿದ್ದೆ ಎಂದ. ಜೊತೆಗೆ ನಕ್ಕ. ಮರ ಹೋದದ್ದಕ್ಕಿಂತ ಆ ನಗು ನನ್ನೊಳಗೆ ಹೆಚ್ಚು ದಿನ ಉರಿಯಿತು.

ಮೇಸ್ತ್ರಿಯನ್ನು ಕರೆದುಕೊಂಡು ಹೋಗಿ ಬುಡ ತೋರಿಸಿದೆ. ಅವರು ಮಂಡಿಯೂರಿ ಕೊಯ್ದ ಮೈಮೇಲೆ ಹೆಬ್ಬೆರಳು ಆಡಿಸಿದರು. ಪಕ್ಕದ ಒಣಹುಲ್ಲು ಅಂಗೈಯಗಲ ಸುಟ್ಟಿತ್ತು.

"ಎಲ್ಲೂ ನಿಲ್ಲದಂಗೆ ಕೊಯ್ದೈತೆ. ಇದು ನಾನು ತೂತು ಹೊಡೆದ ಮೆಷಿನ್ನು. ಜಾಲರಿ ಕಿತ್ತು ಬಿಸಾಕವ್ನೆ, ಕಿಡಿ ಬಿದ್ದೈತೆ. ಅರ್ಧ ದಿನದ ಕೆಲಸ ಗಂಟೆಯಾಗೆ ಮುಗಿಸೋಕೆ ನಾನೇ ದಾರಿ ಮಾಡ್ಕೊಟ್ಟೆ."

ಮರ ಕಡಿದ ದಿನ ದೂರದಲ್ಲಿ ಕುರಿ ಮೇಯಿಸುತ್ತಿದ್ದ ಒಬ್ಬ ಮುದುಕ ಸಿಕ್ಕ. ಆಳನ್ನು ಕಂಡಿರಲಿಲ್ಲ, ದನಿ ಕೇಳಿದ್ದ. ಗುರ್ ಅನ್ನುವ ದನಿಯೊಳಗೆ ಇನ್ನೊಂದು ದನಿ ಸೀಟಿ ಹೊಡೆಯುತ್ತಿತ್ತು, ಕುರಿಗಳು ಬೆದರಿ ಓಡಿದವು ಎಂದ. ಮೇಸ್ತ್ರಿ ಅವನ ಬಾಯಿಯ ಹತ್ತಿರ ಕಿವಿ ಹಿಡಿದು ಎರಡು ಸಲ ಹೇಳಿಸಿಕೊಂಡರು. ಒಂದೇ ಒಂದು ಮೆಷಿನ್‌ಗೆ ಅವರ ಕೈತಪ್ಪಿ ಎರಡನೆಯ ತೂತು ಓರೆಯಾಗಿ ಬಿದ್ದು ಸೀಟಿ ಹೊಡೆಯುತ್ತಿತ್ತಂತೆ. ಅದು ನನ್ನ ಚಿಕ್ಕಪ್ಪನ ಮಗನದು.

ಹುಣಸೆ ಕೊಯ್ದ ಚೈನು ಮೊಂಡಾಗಿರುತ್ತದೆ, ತಾನಾಗಿಯೇ ಬರುತ್ತಾನೆ, ಕಾಯಿರಿ ಎಂದರು. ಎಂಟನೆಯ ದಿನ ಅವನು ಬಂದ. ಚೈನು ಹರಿತ ಮಾಡಿ, ಸೈಲೆನ್ಸರ್ ಬಾಯಿ ಇನ್ನಷ್ಟು ಅಗಲ ಮಾಡಿಕೊಡಿ ಎಂದು ಮೆಷಿನ್ ಬಿಟ್ಟುಹೋದ. ಜಾಲರಿ ಇರಲಿಲ್ಲ.

ಸುದ್ದಿ ತಿಳಿದು ಅಂಗಡಿಗೆ ಹೋದವಳೇ ನಾನು ಕೇಳಿದ್ದು ಒಂದೇ ಮಾತು. ಬಾಯಿ ಅಗಲ ಮಾಡಿ, ಸ್ಕ್ರೂ ಮಾತ್ರ ಬಿಗಿ ಮಾಡಿಬಿಡಿ. ಪೆಟ್ರೋಲ್ ಸಾಲದೆ ಪಿಸ್ಟನ್ ಸುಟ್ಟುಹೋಗಲಿ. ಮೇಸ್ತ್ರಿ ಕೈ ಒರೆಸಿಕೊಂಡು ನನ್ನನ್ನು ನೋಡಿದರು.

"ಆಗದೋರು ಅಂತ ಯಾವತ್ತಾದ್ರೂ ಯಾರಿಗಾದ್ರೂ ತಪ್ಪು ಇಂಜೆಕ್ಷನ್ ಕೊಟ್ಟೀರಾ ಸಿಸ್ಟರ್?"

ನಾನು ಸ್ಟೂಲು ಎಳೆದುಕೊಂಡು ಕೂತೆ.

"ಸೇಡು ಬ್ಯಾಡ ಅನ್ನಲ್ಲ. ಹಗಲಲ್ಲಿ, ನಾಕು ಜನದ ಮುಂದೆ ತೀರಿಸ್ಕಳ್ರಿ."

ಗುರುವಾರ ಹತ್ತು ಗಂಟೆಗೆ ಅವನನ್ನು ಬರಹೇಳಿದರು. ಒಂಬತ್ತೂವರೆಗೇ ಕುರಿಯ ಮುದುಕನನ್ನು ಅಂಗಡಿಯ ಹಿಂದೆ ಗೋಡೆಗೆ ಮುಖ ಮಾಡಿ ಕೂರಿಸಿ ಆಗಿತ್ತು. ಎದುರಿನ ಚಹದಂಗಡಿಯ ಜನರನ್ನೂ ಕರೆದಿದ್ದೆವು. ಅವನು ಬಂದ ಮೇಲೆ, ಅವನದೂ ಸೇರಿ ಒಂದೇ ಅಳತೆಯ ಮೂರು ಮೆಷಿನ್‌ಗಳನ್ನು ಸಾಲಾಗಿಟ್ಟು ಮೇಸ್ತ್ರಿ ಒಂದೊಂದಾಗಿ ಚಾಲೂ ಮಾಡಿದರು. ಎರಡನೆಯದಕ್ಕೆ ಹಿಂದಿನಿಂದ ತೆಲುಗು ಬೆರೆತ ಕೂಗು ಬಂತು: "ಇದೇ ಕದಮ್ಮಾ!" ಒಂದು ಸಲಕ್ಕೆ ನಾನು ಒಪ್ಪಲಿಲ್ಲ. ಸಾಲು ಬದಲಿಸಿದೆ. ಈ ಸಲ ಮೂರನೆಯದಕ್ಕೆ ಕೂಗಿದ. ಮತ್ತೆ ಬದಲಿಸಿದೆ. ಮೊದಲನೆಯದಕ್ಕೇ ಕೂಗಿದ. ಮೂರು ಸಲವೂ ಒಂದೇ ಮೆಷಿನ್, ನನ್ನ ಚಿಕ್ಕಪ್ಪನ ಮಗನದು. ಚಹ ಕುಡಿಯುತ್ತಿದ್ದವನೊಬ್ಬ, "ಲೇ, ನಿನ್ ಮೆಷಿನ್ನು ನಿನಗಿಂತ ಸತ್ಯವಂತ ಕಣಲೇ" ಎಂದ. ಎಲ್ಲರೂ ನಕ್ಕರು. ನಾನು ಕಾದಿದ್ದು ಆ ನಗುವಿಗೇ.

ಅವನಿಗೆ ತಡೆದುಕೊಳ್ಳಲಾಗಲಿಲ್ಲ. "ಬೇಲಿ ಮೇಲಿನ ಮರ. ಕಡಿದ್ರೆ ಏನೀಗ?" ಎಂದುಬಿಟ್ಟ. ಬಳ್ಳಾರಿಯ ಮಾತು ಅಲ್ಲಿಗೆ ಮುಗಿಯಿತು.

ದಿಮ್ಮಿಗಳನ್ನು ಆಗಲೇ ಮಟನ್ ಅಂಗಡಿಗಳಿಗೆ ಕೊಟ್ಟಾಗಿತ್ತು. ಅವರಿಗೆ ಕತ್ತರಿಸುವ ಕೊರಡಿಗೆ ಹುಣಸೆಯೇ ಆಗಬೇಕು. ಕೊಂಬೆಯದೊಂದು ಮೊಳ ಎತ್ತರದ ತುಂಡು ಮಾತ್ರ ಅವನ ಹಿತ್ತಲಲ್ಲಿ ಉಳಿದಿತ್ತು. ಏನು ಬೇಕು ಎಂದು ಸೇರಿದವರು ನನ್ನನ್ನೇ ಕೇಳಿದರು. ಆ ತುಂಡನ್ನು ಅವನೇ ಹೆಗಲ ಮೇಲೆ ಹೊತ್ತು, ಗಾಡಿಗೆ ಹಾಕದೆ, ಬೀದಿಯಲ್ಲಿ ನಡೆದು ಬಂದು ನನ್ನ ಬಾಗಿಲಲ್ಲಿ ಇಳಿಸಬೇಕು ಎಂದೆ. ಅವನ ಮನೆ ನಮ್ಮ ಬೀದಿಯ ಕೊನೆಯಲ್ಲಿದೆ. ಹನ್ನೊಂದು ಮನೆ ದಾಟುವುದರೊಳಗೆ ಅವನು ನಾಲ್ಕು ಸಲ ನಿಂತ. ನಾನು ಎಣಿಸಿದೆ.

ಮೇಸ್ತ್ರಿ ಅವನ ಮೆಷಿನ್‌ಗೆ ಹೊಸ ಜಾಲರಿ ಹಾಕಿ, ಸ್ಕ್ರೂ ಸರಿಯಾಗಿ ತಿರುವಿ, ಹೇಳಿದ ದಿನಕ್ಕೇ ಕೊಟ್ಟರು.

ಆ ಗುರುವಾರದ ಬೆಲೆ ತೆತ್ತವರೂ ಅವರೇ. ಈ ಮೇಸ್ತ್ರಿ ಕೈಗೆ ಕೊಟ್ಟರೆ ಮೆಷಿನ್ನೇ ಸಾಕ್ಷಿ ಹೇಳುತ್ತದೆ ಎಂದು ನನ್ನ ಚಿಕ್ಕಪ್ಪನ ಮಗ ಜಾಲಿ ಕಡಿಯುವವರಿಗೆಲ್ಲ ಹಬ್ಬಿಸಿದ. ಕಡಿಯುವವರಲ್ಲಿ ಕದ್ದು ಕಡಿಯುವವರಿಗೇನೂ ಕಡಿಮೆಯಿಲ್ಲ. ಆರು ತಿಂಗಳಲ್ಲಿ ಅಂಗಡಿ ಖಾಲಿಯಾಯಿತು. ಕೊನೆಗೆ ಔಷಧಿ ಹೊಡೆಯುವ ಪಂಪು ರಿಪೇರಿ ಮಾಡುತ್ತ ಕೂತರು. ಆಗಲೂ ಒಂಬತ್ತಕ್ಕೇ ಬಾಗಿಲು ತೆರೆಯುತ್ತಿದ್ದರು. ಒಂದು ದಿನವೂ ನನ್ನನ್ನು ದೂರಲಿಲ್ಲ. ಭಾನುವಾರ ಮನೆಗೆ ಬಂದರೆ ಆ ದಿಮ್ಮಿಯ ಮೇಲೆ ಕೂತು, ಹೆಬ್ಬೆರಳಿನಿಂದ ಒತ್ತಿ, "ಇನ್ನೂ ಹಸಿ ಐತೆ" ಎನ್ನುತ್ತಿದ್ದರು.

ಹೋದ ಮಾಗಿಯಲ್ಲಿ ಜ್ವರ ಬಂದು ತೀರಿಕೊಂಡರು. ಕೊನೆಯ ಮೂರು ದಿನ ನಾನೇ ನೋಡಿಕೊಂಡೆ, ಹೊತ್ತುಹೊತ್ತಿಗೆ ಔಷಧಿ ಕೊಟ್ಟೆ. ಕಿವಿಯ ಹತ್ತಿ ತೆಗೆಯಲು ಬಿಡಲಿಲ್ಲ.

ದಿಮ್ಮಿ ಬಂದ ದಿನದಿಂದ ನಾನು ದಿನವೂ ಬೆಳಿಗ್ಗೆ ಆರಕ್ಕೆ ಅದರ ಮೇಲೆ ಕೂರುತ್ತೇನೆ. ಆರು ಹತ್ತಕ್ಕೆ ನನ್ನ ಚಿಕ್ಕಪ್ಪನ ಮಗ ಎಣ್ಣೆ ಮಿಲ್ಲಿನ ಕೆಲಸಕ್ಕೆ ಹೊರಡುತ್ತಾನೆ. ಬೀದಿಗೆ ಬೇರೆ ದಾರಿಯಿಲ್ಲ. ನಾನು ನೋಡುತ್ತೇನೆ, ಅವನು ತಲೆ ತಗ್ಗಿಸುತ್ತಾನೆ. ಮೂರು ವರ್ಷದಲ್ಲಿ ಒಂದು ಮಾತೂ ಆಡಿರಲಿಲ್ಲ.

ಮೇಸ್ತ್ರಿಯನ್ನು ಮಣ್ಣು ಮಾಡಿದ ಮರುದಿನ ಅವನು ನಿಂತ.

"ಇನ್ನಾದ್ರೂ ಸಾಕು ಬಿಡಕ್ಕ. ಮೇಸ್ತ್ರಿನೂ ಹೋದ."

"ಮರದ್ದು ಸಾಕು, ಬಿಟ್ಟೆ" ಎಂದೆ. "ಮೇಸ್ತ್ರಿದು ಇವತ್ತು ಶುರು."

ಅವನು ತಲೆ ತಗ್ಗಿಸಿ ನಡೆದ. ಗಡಿಯಾರ ನೋಡಿಕೊಂಡೆ. ಆರು ಹನ್ನೆರಡು. ಎರಡು ನಿಮಿಷ ತಡವಾಗಿತ್ತು.