ಕಮರದ ಬೇರು

ಕೂಕಟ್‌ಪಲ್ಲಿಯ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಎದುರು ಮನೆಯಲ್ಲಿ ನಿವೃತ್ತ ಬಾಟನಿ ಮಾಸ್ತರೊಬ್ಬರಿದ್ದರು. ತಾಂಡೂರಿನ ಸುಣ್ಣಕಲ್ಲಿನ ಅಡವಿಯಿಂದ ಕಮರ ಮರದ ಸಸಿ ತಂದು ಕಾಂಪೌಂಡಿನ ಮೂಲೆಯಲ್ಲಿ ನೆಟ್ಟು, ಬುಡಕ್ಕೆ ಒಡೆದ ಶಹಾಬಾದಿ ಫರಸಿಕಲ್ಲಿನ ಚೂರು ಹಾಕಿದ್ದರು. ಅದು ಪ್ರತಿ ಬೇಸಿಗೆಗೂ ಒಣಗಿ ಕಡ್ಡಿಯಾಗುತ್ತಿತ್ತು, ಮಳೆಗೆ ಮತ್ತೆ ಗೇಣುದ್ದ ಚಿಗುರುತ್ತಿತ್ತು. ಸತ್ತಿತೇ ಎಂದು ಯಾರಾದರೂ ಕೇಳಿದರೆ ಮಾಸ್ತರು ಕನ್ನಡಕ ಹಣೆಗೇರಿಸಿ, ನೆಲಕ್ಕೆ ಬೆರಳು ತೋರಿಸಿ, “ಮ್ಯಾಲೆ ಒಣಗೈತ್ರಿ, ಕೆಳಗ ನಡದೈತಿ” ಎನ್ನುತ್ತಿದ್ದರು. ಕಮರ ಮೊದಲು ವರ್ಷಗಟ್ಟಲೆ ಬೇರನ್ನೇ ಬೆಳೆಸುತ್ತದಂತೆ. ಅವರ ಮಂಡಿನೋವಿನ ಬಗ್ಗೆ ವಿಚಾರಿಸಿದರೂ ಅದೇ ಉತ್ತರ.

ಒಂದು ಬೇಸಿಗೆ, ಪಾರ್ಕಿಂಗಿಗೆ ಟೈಲ್ಸ್ ಹಾಕಲು ಬಂದವರು ಒಣಕಡ್ಡಿಯೆಂದು ಅದನ್ನು ಕೀಳಹೋದರು. ಗುದ್ದಲಿಯಿಂದ ಅಗೆದಷ್ಟೂ ಬೇರು ಸಿಕ್ಕಿತು. ಬೇಸತ್ತು ಕಡಿದು ಹಾಕಿದರು. ಮಾಸ್ತರು ಮೆಟ್ಟಿಲಿಳಿದು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅವರು ಬೇರಿನ ತುಂಡನ್ನು ತೊಡೆಯ ಮೇಲಿಟ್ಟುಕೊಂಡು ಮೆಟ್ಟಿಲಲ್ಲೇ ಕೂತರು.

ತೆಲುಗು ಮನೆಮಾತಿನ ವಾಚ್‌ಮನ್, ಮಾಸ್ತರಿಂದಲೇ ಕಲಿತಿದ್ದ ಅಷ್ಟಿಷ್ಟು ಕನ್ನಡದಲ್ಲಿ ಸಮಾಧಾನ ಹೇಳಿದ: “ಸಾರ್, ಕೆಳಗ ನಡದೈತಿ.”

ಮಾಸ್ತರು ಬೇರಿನ ಮಣ್ಣು ಒರೆಸುತ್ತಲೇ ಇದ್ದರು. “ಇಲ್ಲಪಾ,” ಎಂದರು, “ಅದಕ್ಕೂ ಸಾಕಾಗೈತಿ.”