ಟೀವಿಯೊಳಗಿನ ವಿಮಾನ

ಮಾಣಿಕಮ್ಮನ ಅವ್ವ ಸಾಯುವಾಗ ಅಪ್ಪ ಇಸ್ಪೀಟು ಆಡುತ್ತಿದ್ದ. ಅದು ಐವತ್ತಾರನೇ ಇಸವಿಯ ಮಾತು. ಅವ್ವನಿಗೆ ಹೆರಿಗೆ ನೋವು ಸುರುವಾಗಿ ಎರಡು ದಿನವಾಗಿತ್ತು. ಗಾಡಿ ಹೂಡಿ ಬಸವಕಲ್ಯಾಣಕ್ಕೆ ಒಯ್ಯದಿದ್ದರೆ ಜೀವ ಉಳಿಯುವುದಿಲ್ಲ ಎಂದು ಸೂಲಗಿತ್ತಿ ಹೇಳಿದಳು. ಅವರ ಊರು ಕೊಹಿನೂರಿನ ಕಟ್ಟೆಗೆ, ಅಪ್ಪನನ್ನು ಕರೆಯಲು ಓಡಿದವಳು ಹತ್ತು ವರ್ಷದ ಮಾಣಿಕಮ್ಮ. ಅಪ್ಪ ಎಲೆಯಿಂದ ಕಣ್ಣು ಎತ್ತಲಿಲ್ಲ.

"ಇದೊಂದು ಆಟ ಮುಗೀಲಿ, ಬಂದೆ."

ಆಟ ಮುಗಿಯಿತು. ಅಪ್ಪ ಗಾಡಿ ಹೂಡಲು ಎತ್ತು ಬಿಚ್ಚುವಷ್ಟರಲ್ಲಿ ಅವ್ವ ತಣ್ಣಗಾಗಿದ್ದಳು.

ಹದಿನೇಳಕ್ಕೆ ಅವಳನ್ನು ಹುಮನಾಬಾದಿನ ಬಕ್ಕಪ್ಪನಿಗೆ ಕೊಟ್ಟರು. ಬಕ್ಕಪ್ಪನದು ಬಸ್ ಸ್ಟ್ಯಾಂಡಿನ ಹತ್ತಿರ ರೇಡಿಯೋ ರಿಪೇರಿಯ ಅಂಗಡಿ. ಗಂಡನ ಮನೆಯ ಮೊದಲನೆಯ ಬೆಳಗ್ಗೆ ಅವನು ಸ್ನಾನ ಮಾಡಿ ಎಡಗೈಯಲ್ಲಿ ಲಿಂಗ ಹಿಡಿದು ಪೂಜೆಗೆ ಕೂತಿದ್ದ. ಮಾಣಿಕಮ್ಮ ಎದುರಿಗೆ ಬಂದು ನಿಂತಳು.

"ಅದನ್ನ ಹಿಡಕೊಂಡೇ ನನಗೊಂದು ಮಾತು ಕೊಡ್ರಿ."

"ಏನು?"

"ಈ ಮನ್ಯಾಗ ಆಟ ಬರಬಾರದು. ಇಸ್ಪೀಟ ಆಗಲಿ, ಪಗಡಿ ಆಗಲಿ. ಯಾವುದೂ."

ಬಕ್ಕಪ್ಪ ನಕ್ಕ. "ಇಷ್ಟೇ ಏನು? ನಾ ಎಲ್ಲಿ ಬಂಗಾರದ ಡಾಬು ಕೇಳ್ತೀ ಅಂತ ಅಂಜಿದ್ದೆ." ಆಮೇಲೆ ಅವಳ ಮುಖ ನೋಡಿ ನಗು ನಿಲ್ಲಿಸಿದ. ಲಿಂಗ ಹಣೆಗೆ ಒತ್ತಿಕೊಂಡು ಮಾತು ಕೊಟ್ಟ.

ಇಪ್ಪತ್ತೆರಡು ವರ್ಷ ನಡೆಸಿದ. ಪಂಚಮಿ ಹಬ್ಬದಲ್ಲಿ ಓಣಿಯವರು ಪರಶಿಗಲ್ಲಿನ ಮೇಲೆ ಚೌಕಾಬಾರದ ಮನೆ ಗೀಚಿದರೆ ಇವನು ಸುತ್ತು ಹಾಕಿಕೊಂಡು ಹೋಗುತ್ತಿದ್ದ. ಗೆಳೆಯರು ಚಾಷ್ಟಿ ಮಾಡಿ ನಕ್ಕರು. ಮಕ್ಕಳಾಗಲಿಲ್ಲ. ಅದಕ್ಕಾಗಿಯೂ ಒಂದು ದಿನ ಅವಳಿಗೆ ಒಂದು ಮಾತು ಅನ್ನಲಿಲ್ಲ. ಜಗಳವಾದಾಗ ಕೂಡ ಮಾಣಿಕಮ್ಮ ಮನಸ್ಸಿನಲ್ಲಿ ಅದೊಂದನ್ನು ಹಿಡಿದು ಸಮಾಧಾನ ಮಾಡಿಕೊಳ್ಳುತ್ತಿದ್ದಳು: ಏನೇ ಇರಲಿ, ಮಾತಿನ ಮನುಷ್ಯ.

ಎಂಬತ್ತೈದರಲ್ಲಿ ಸೈಫುದ್ದೀನ್ ದುಬೈ ಬಿಟ್ಟು ಊರಿಗೆ ಬಂದ. ಅವನೂ ಬಕ್ಕಪ್ಪನೂ ಒಂದೇ ಓಣಿಯಲ್ಲಿ ಬೆಳೆದವರು. ಬರುವಾಗ ಒಂದು ಕರೀ ಡಬ್ಬಿ ತಂದಿದ್ದ. ಮೇಲೆ ರಬ್ಬರಿನ ಗುಂಡಿಗಳು.

"ಇದು ಕಂಪ್ಯೂಟರ್, ವೈನಿ. ಟೀವಿಗೆ ಹಚ್ಚಬೇಕು. ನಮ್ಮ ಮನ್ಯಾಗ ಹುಡುಗರು ಗುಂಡಿ ಕಿತ್ತು ಹಾಕ್ತಾವ. ನಿಮ್ಮಲ್ಲೇ ಇರಲಿ."

ಅದಕ್ಕೆ ಟೇಪ್ ರೆಕಾರ್ಡರ್ ಹಚ್ಚಿ ಕ್ಯಾಸೆಟ್ ಹಾಕಬೇಕು. ಐದು ನಿಮಿಷ ಅದು ಬೆಕ್ಕು ಕಾದಾಡಿದಂತೆ ಚೀರುತ್ತಿತ್ತು. ಆಮೇಲೆ ಟೀವಿಯಲ್ಲಿ ವಿಮಾನದ ಒಳಗಿನ, ಗಡಿಯಾರದಂಥ ಮೀಟರುಗಳ ಮುಳ್ಳುಗಳು ಬರುತ್ತಿದ್ದವು. ಎದುರಿಗೆ ಬಯಲು, ಎರಡು ಗೆರೆಯ ಹಾದಿ. ಆ ಹಾದಿಯ ಮೇಲೆ ಇಳಿಸಬೇಕು.

ಬೀದರದ ವಾಯುಪಡೆಯಲ್ಲಿ ಹಾರಿಸಲು ಕಲಿಯುವವರ ವಿಮಾನ ಊರ ಮೇಲೆ ಹಾದಾಗಲೆಲ್ಲ ಬಕ್ಕಪ್ಪ ಕೈಯಲ್ಲಿನ ಕೆಲಸ ಬಿಟ್ಟು ಹೊರಗೆ ಬರುತ್ತಿದ್ದ. ಈಗ ಟೀವಿಯ ಮುಂದೆ ಕೂತರೆ ಊಟಕ್ಕೆ ಮೂರು ಸಲ ಕರೆಯಬೇಕು.

ನಾಲ್ಕನೆಯ ದಿನ ಮಾಣಿಕಮ್ಮ ಕೇಳಿದಳು. "ಇದು ಆಟ ಏನ್ರಿ?"

"ಅಲ್ಲ. ಇದು ಓದು."

"ಸೈಫಣ್ಣನ ಮನೀ ಹುಡುಗರು ಆಟ ಅಂತಾವ."

"ಹುಡುಗರಿಗೇನು ಗೊತ್ತು? ಆಟ ಅಂದ ಮ್ಯಾಲೆ ಎದುರಿಗೆ ಒಬ್ಬ ಬೇಕು. ಒಬ್ಬ ಗೆಲ್ಲಬೇಕು, ಒಬ್ಬ ಸೋಲಬೇಕು. ಇಲ್ಲಿ ಯಾರದಾರ ಹೇಳು. ಬೀದರದಾಗ ಹೊಸಬರನ್ನ ಮೊದಲು ಇಂಥಾ ಮುಳ್ಳಿನ ಮುಂದೇ ಕೂಡಸ್ತಾರ. ಕೈ ಪಳಗಿದ ಮ್ಯಾಲೆ ಖರೇ ವಿಮಾನ."

"ಅವರು ನಾಳೆ ಖರೇ ವಿಮಾನ ಹತ್ತತಾರ. ನೀವೇನು ಹತ್ತತೀರಿ?"

"ಸೈಕಲ್ ಅದ ಅಲಾ."

ಅವಳಿಗೂ ನಗು ಬಂತು. ಆದರೂ ಬಿಡಲಿಲ್ಲ. "ಲಿಂಗದ ಮುಂದ ಕೊಟ್ಟ ಮಾತು ನೆನಪದ ಅಲ್ರಿ?"

"ನೆನಪದ. ಇದು ಆಟ ಇದ್ದಿದ್ದರ ಡಬ್ಬಿ ಹೊಸ್ತಿಲಾ ದಾಟ್ತಿರಲಿಲ್ಲ."

ಅವಳು ನಂಬಿದಳು. ಬರೇ ನಂಬಲಿಲ್ಲ, ಪಕ್ಕದಲ್ಲಿ ಕೂತಳು. ಮೂರನೆಯ ಇಯತ್ತೆ ಓದಿದವಳು. ಬಕ್ಕಪ್ಪ ಇಂಗ್ಲಿಷ್ ಅಂಕಿ ಕಲಿಸಿದ. ಅವನು ಗುಂಡಿ ಒತ್ತುವಾಗ ಅವಳು ಎತ್ತರ ಓದಬೇಕು. ಎರಡು ಸಾವಿರ. ಹದಿನೈದು ನೂರು. ಎಂಟು ನೂರು. ಸೆರಗು ಸೊಂಟಕ್ಕೆ ಸಿಕ್ಕಿಸಿ ಓದುತ್ತಿದ್ದಳು. ಒಂದು ಸಲ ನಡುವೆ ಕರೆಂಟ್ ಹೋಯಿತು.

"ವಿಮಾನ ಎಲ್ಲಿ ಹೋತು?"

"ಕರೆಂಟ್ ಆಫೀಸಿಗೆ ಹೋಗಿ ಕೇಳು," ಎಂದ ಬಕ್ಕಪ್ಪ.

ಪಕ್ಕದ ಮನೆಯ ಶೇವಂತಾಬಾಯಿ ನಳದ ಮುಂದೆ ಕೊಡ ಇಟ್ಟು ಕೆಣಕಿದಳು. "ಏನ್ ಮಾಣಿಕಮ್ಮಾ, ನಿನ್ನ ಗಂಡ ತಲಿ ಬೆಳ್ಳಗಾದ ಮ್ಯಾಲೆ ಆಟಕ್ಕ ಬಿದ್ದನಂತ."

"ಆಟ ಅಲ್ಲ. ಓದು. ನಿನ್ನ ಗಂಡಗ ಅದೂ ಇಲ್ಲ."

ಇಡೀ ಓಣಿಯ ಮುಂದೆ ಹಾಗೆ ಅಂದುಬಿಟ್ಟಳು.

ಮಾಣಿಕಮ್ಮ ಪ್ರತಿ ಸೋಮವಾರ ಬಸವಕಲ್ಯಾಣಕ್ಕೆ ದೇವರ ದರ್ಶನಕ್ಕೆ ಹೋಗುತ್ತಿದ್ದಳು. ಮುಂಜಾನೆಯ ಬಸ್ಸಿಗೆ ಹೋಗಿ ಸಂಜೆಗೆ ಬರುತ್ತಿದ್ದಳು. ಎಂಬತ್ತೇಳರ ಒಂದು ಸೋಮವಾರ ಬಸ್ ಇಳಿದಾಗ ಭಾವ, ಬಕ್ಕಪ್ಪನ ಅಣ್ಣ ಬಸವಣಪ್ಪ, ಸ್ಟ್ಯಾಂಡಿನಲ್ಲಿ ನಿಂತಿದ್ದ. ಟೋಪಿ ಕೈಯಲ್ಲಿತ್ತು. ಬಕ್ಕಪ್ಪನಿಗೆ ಎದೆನೋವು ಬಂತು, ಸೈಫುದ್ದೀನ್ ಯಾಕೋ ಮನೆಗೆ ಬಂದವನು ನೋಡಿದ, ದವಾಖಾನೆ ಮುಟ್ಟಲಿಲ್ಲ ಎಂದ.

ಮಣ್ಣು ಮಾಡಿದರು. ರೀತಿಯಂತೆ ಕುಳ್ಳಿರಿಸಿ, ಎಡಗೈಯಲ್ಲಿ ಲಿಂಗವಿಟ್ಟು, ಮೇಲೆ ವಿಭೂತಿ ತುಂಬಿದರು. ಬಂದವರೆಲ್ಲ ಒಂದೇ ಮಾತು ಅಂದರು. ಬಕ್ಕಪ್ಪ ಕೊಟ್ಟ ಮಾತಿಗೆ ತಪ್ಪಿದವನಲ್ಲ. ಆ ಮಾತನ್ನೇ ಕಲ್ಲಿನಲ್ಲಿ ಕೆತ್ತಿಸಿ ಗೋರಿಯ ಮೇಲೆ ನಿಲ್ಲಿಸುತ್ತೇನೆ ಎಂದು ಬಸವಣಪ್ಪ ಬಸವಕಲ್ಯಾಣದಲ್ಲಿ ಶಹಾಬಾದ ಕಲ್ಲು ಕೆತ್ತಲು ಕೊಟ್ಟು ಬಂದ. ಮಾಣಿಕಮ್ಮನಿಗೆ ಅಳುವಿನ ನಡುವೆಯೂ ಅದು ಸರಿ ಅನ್ನಿಸಿತು.

ತಿಂಗಳಾದ ಮೇಲೆ ಸೈಫುದ್ದೀನ್ ಬಂದ. ಕಟ್ಟೆಯ ಮೇಲೆ ಕೂತ. ಚಹಾ ಕೊಟ್ಟರೆ ಮುಟ್ಟಲಿಲ್ಲ.

"ವೈನಿ, ಒಂದು ಮಾತು ಹೊಟ್ಟ್ಯಾಗ ಇಟ್ಟುಕೊಂಡು ತಿರಗಾಕತ್ತೇನಿ. ನಿದ್ದಿ ಹತ್ತವಲ್ದು."

"ಹೇಳ್ರಿ."

"ಸೋಮವಾರ ನೀವು ಕಲ್ಯಾಣಕ್ಕ ಹೋದ ಮ್ಯಾಲೆ ನಾ ಬರ್ತಿದ್ದೆ. ಇಬ್ಬರೂ ವಿಮಾನ ಇಳಿಸ್ತಿದ್ವಿ. ಯಾರದು ಬೀಳ್ತದ ಅವರು ಭಜಿ ತರಬೇಕು."

"ಭಜಿ?"

"ಒಂದು ಪ್ಲೇಟ್ ಮಿರ್ಚಿ ಭಜಿ. ಅಷ್ಟೇ ಪಣ."

"ಯಾವಾಗಿಂದ?"

"ಸುರುವಿಂದ."

ಸೋಮವಾರ ಸಂಜೆ ಬಕ್ಕಪ್ಪ ಊಟ ಬೇಡ, ಹೊಟ್ಟೆ ಭಾರವಾಗಿದೆ ಅನ್ನುತ್ತಿದ್ದ. ಬಸ್ಸಿನ ದೂಳು ತೊಳೆಯದೆ ಅವಳು ಶುಂಠಿ ಜಜ್ಜಿ ಕಷಾಯ ಕಾಸಿ ಕೊಡುತ್ತಿದ್ದಳು. ಎರಡು ವರ್ಷ ಕಾಸಿದ್ದಳು.

"ಅದು ಆಟ ಅಂತ ಅವರಿಗೆ ಗೊತ್ತಿತ್ತೇನು?"

"ಗೊತ್ತಿತ್ತು. 'ಆಕಿ ಬಾಜೂಕ ಕೂತರ ಇದು ಓದು, ನೀ ಕೂತರ ಆಟ. ಆಕಿ ಮುಂದ ಬಾಯಿ ಬಿಡಬ್ಯಾಡ,' ಅಂತಿದ್ದ."

"ಆವತ್ತು?"

"ಆವತ್ತೂ ಅದೇ. ಎದಿ ಹಿಡದದ ಅಂದ. ಏಳು, ಡಾಕ್ಟರ್ ಕಡಿ ಹೋಗೂಣು ಅಂದೆ. 'ತಡಿ, ಇದೊಂದು ಇಳಿಸಿ ಬರ್ತೀನಿ. ಈಗ ಎದ್ದರ ಭಜಿ ನನ್ನ ತಲಿಗೇ ಬರ್ತದ,' ಅಂದ. ಇಳಿಸಿದ, ವೈನಿ. ಚಂದಾಗೇ ಇಳಿಸಿದ. ಹಂಗೇ ಬಾಗಿಬಿಟ್ಟ."

ಮಾಣಿಕಮ್ಮ ಒಳಗೆ ಹೋದಳು. ಡಬ್ಬಿ, ವಾಯರು, ಕ್ಯಾಸೆಟ್ ಎಲ್ಲವನ್ನೂ ಒಂದು ಚೀಲಕ್ಕೆ ತುಂಬಿ ತಂದು ಅವನ ಮುಂದೆ ಇಟ್ಟಳು.

"ಒಯ್ರಿ."

"ಬಕ್ಕಪ್ಪನ ನೆನಪು, ಇರಲಿ ಅಂತ..."

"ನೆನಪು ಬೇಕಾದಷ್ಟು ಕೊಟ್ಟೀರಿ. ಒಯ್ರಿ."

ಆ ವಾರವೆಲ್ಲ ಅವಳು ಒಲೆ ಸರಿಯಾಗಿ ಹೊತ್ತಿಸಲಿಲ್ಲ. ಡಬ್ಬಿಯ ಮೇಲೆ ಸಿಟ್ಟು ಮಾಡಲು ನೋಡಿದಳು, ಆಗಲಿಲ್ಲ. ಡಬ್ಬಿ ಒಂದೇ, ಮುಳ್ಳು ಒಂದೇ, ಗೆರೆ ಒಂದೇ. ಅವಳು ಅಂಕಿ ಓದಿದ ದಿನ ಅದು ಓದೇ ಆಗಿತ್ತು, ಅದರಲ್ಲಿ ಸುಳ್ಳಿಲ್ಲ. ಭಜಿ ಪಣ ಇಟ್ಟ ದಿನ ಆಟವಾಯಿತು. ಆಟ ಮಾಡಿದ್ದು ಅವನು. ಒಂದು ಪ್ಲೇಟ್ ಭಜಿಗೆ ಮಾಡಿದ. ಮಾಣಿಕಾ, ಈ ಒಂದಕ್ಕೆ ನನ್ನನ್ನು ಕೊಟ್ಟ ಮಾತಿನಿಂದ ಬಿಡು ಎಂದು ಕೇಳಬಹುದಿತ್ತು. ಕೇಳಿದ್ದರೆ ಬಿಡುತ್ತಿದ್ದಳೋ ಇಲ್ಲವೋ ಅವಳಿಗೇ ಗೊತ್ತಿಲ್ಲ. ಕೇಳಲಿಲ್ಲ, ಅಷ್ಟು ಗೊತ್ತು. ಶೇವಂತಾಬಾಯಿಯ ಮುಂದೆ ತಾನು ಆಡಿದ ಮಾತು ನೆನಪಾದರೆ ಮೈ ಉರಿಯುತ್ತಿತ್ತು. ನೀರಿಗೆ ಹೋಗುವುದನ್ನೇ ಬಿಟ್ಟಳು.

ಸೋಮವಾರ ಬಸ್ ಹತ್ತಿದಳು. ಈ ಸಲ ಗುಡಿಗೆ ಹೋಗಲಿಲ್ಲ. ನೆಟ್ಟಗೆ ಕಲ್ಲು ಕೆತ್ತುವ ಅಜೀಮುದ್ದೀನನ ಅಂಗಳಕ್ಕೆ ಹೋದಳು. ಕಲ್ಲು ಗೋಡೆಗೆ ಒರಗಿತ್ತು. ಬೆರಳಿಟ್ಟು ಓದಿದಳು. ಮೇಲೆ ಗಂಡನ ಹೆಸರು, ಊರು. ಕೆಳಗೆ, ಕೊಟ್ಟ ಮಾತಿಗೆ ತಪ್ಪದ ಶರಣ.

"ಕೆಳಗಿನ ಸಾಲು ತೆಗೀರಿ."

ಅಜೀಮುದ್ದೀನ್ ಚಾಣ ಕೆಳಗಿಟ್ಟ. "ತಪ್ಪು ಬಿದ್ದದೇನ್ರಿ?"

"ಅಕ್ಷರ ಸರಿ ಅದಾವ. ಮಾತು ಸುಳ್ಳು ಅದ."

"ಕಲ್ಲಿನ ಮ್ಯಾಲಿಂದು ಒರಸಾಕ ಬರಂಗಿಲ್ರಿ, ಅಕ್ಕಾರ. ಹೊಡದು ತೆಗೀಬೇಕು. ತಗ್ಗು ಬೀಳ್ತದ."

"ಬೀಳಲಿ."

"ಬಸವಣಪ್ಪನವರು ನನ್ನ ಬೈತಾರ."

"ನಿಮಗ ಯಾಕ ಬೈತಾರ? ಮಾತು ಕೊಟ್ಟಿದ್ದು ನನಗ. ಹೊಡೀರಿ."

ಅವನು ಅವಳ ಬೋಳು ಹಣೆ ನೋಡಿದ. ಆಮೇಲೆ ಕಲ್ಲು ಮಲಗಿಸಿ ಹೊಡೆಯಲು ಕೂತ. ಮಾಣಿಕಮ್ಮ ಎದುರಿಗೆ ಕುಕ್ಕರುಗಾಲಲ್ಲಿ ಕೂತಳು. ಚೂರು ಹಾರಿ ಕಾಲ ಮೇಲೆ ಬಿದ್ದರೂ ಸರಿಯಲಿಲ್ಲ. ಮುಗಿಯುವ ಹೊತ್ತಿಗೆ ಮಧ್ಯಾಹ್ನವಾಗಿತ್ತು. ಹೆಸರಿನ ಕೆಳಗೆ ಗೇಣುದ್ದದ ಒರಟು ತಗ್ಗು.

"ಸಿಮೆಂಟ್ ತುಂಬಿ ಸಾಪ ಮಾಡ್ಲಿ ಏನ್ರಿ? ಇಲ್ಲಾಂದ್ರ ಜನ ಏನಾಗ್ಯದ ಅಂತ ಕೇಳ್ತಾರ."

"ಕೇಳಲಿ," ಎಂದಳು ಮಾಣಿಕಮ್ಮ. "ಕೇಳಿದವರಿಗೆ ನಾ ಹೇಳ್ತೀನಿ."