ಅಕ್ಕ ಹಾಸನದ ಪಾರ್ಕು ನೋಡಿದ್ದು

ಹಾಸನದ ಪಾರ್ಕನ್ನು ಯಾರಾದರೂ ಹೊಗಳಿದರೆ ಈಗಲೂ ನಾನು ಮಾತು ಬದಲಿಸುತ್ತೇನೆ. ಅಲ್ಲಿನ ಹುಲ್ಲು, ಮರ ಏನು ಪಾಪ ಮಾಡಿದವು? ತಪ್ಪೆಲ್ಲ ನಮ್ಮ ಮನೆಯವರದು. ಅದರಲ್ಲಿ ನನ್ನ ಪಾಲೂ ಇದೆ.

ಐವತ್ತರ ದಶಕದ ಕೊನೆಯಿರಬೇಕು. ನಾವು ಹೊಳೆನರಸೀಪುರದಲ್ಲಿದ್ದೆವು. ಅಕ್ಕನನ್ನು ನೋಡಲು ಬಂದ ಮೂರು ಗಂಡಿನ ಕಡೆಯವರೂ ಉಪ್ಪಿಟ್ಟು ತಿಂದು, ಕಾಗದ ಬರೆಯುತ್ತೇವೆಂದು ಹೋಗಿ ಸುಮ್ಮನಾಗಿದ್ದರು. ಇನ್ನು ಯಾರ ಮುಂದೆಯೂ ಬಂದು ಕೂರುವುದಿಲ್ಲ ಎಂದು ಅಕ್ಕ ಹಟ ಹಿಡಿದಳು. ಆಗ ಯಾರೋ ಅಪ್ಪನಿಗೆ ಹೇಳಿಕೊಟ್ಟರು: ಹುಡುಗಿಗೆ ತಿಳಿಸದೆ ಹಾಸನದ ಪಾರ್ಕಿಗೆ ಕರೆತನ್ನಿ, ಅರಕಲಗೂಡಿನ ಗಂಡಿನವರು ದೂರದಿಂದಲೇ ನೋಡಿಕೊಳ್ಳುತ್ತಾರೆ. ಹಾಗೆ ತೋರಿಸುವುದೂ ಆಗ ಇತ್ತು. ಒಪ್ಪದಿದ್ದರೂ ಹುಡುಗಿಗೆ ಅವಮಾನವಿಲ್ಲವಂತೆ. ಅವ್ವನೂ ಹೂಂ ಅಂದಳು.

"ಅಕ್ಕಂಗೆ ಏಳ್ಬ್ಯಾಡ ಕಣವ್ವ, ನಿಂಗೆ ಬಳೆ ಕೊಡುಸ್ತೀನಿ," ಅಂದ ಅಪ್ಪ. ಹನ್ನೊಂದು ವರ್ಷದ ನಾನು ಬಾಯಿ ಮುಚ್ಚಿಕೊಂಡೆ.

ರೈಲಿನಿಂದಿಳಿದು ಅಪ್ಪನ ಜೊತೆ ಊರೆಲ್ಲ ಸುತ್ತಿದೆವು. ಹಾಸನಾಂಬೆಯ ಗುಡಿ ತೆರೆಯುವುದು ವರ್ಷಕ್ಕೊಮ್ಮೆ. ಅಕ್ಕ ಮುಚ್ಚಿದ ಬಾಗಿಲಿಗೇ ಕೈಮುಗಿದಳು. ಪೇಟೆಯಲ್ಲಿ ಸಿನಿಮಾ ಪೋಸ್ಟರಿನ ಮುಂದೆ ನಿಂತವಳು ಕದಲಲೇ ಇಲ್ಲ. ಸಂಜೆ ಪಾರ್ಕಿನಲ್ಲಿ ಕಂಬದ ಮೇಲಿನ ರೇಡಿಯೋದಿಂದ ವೀಣೆ ಕೇಳುತ್ತಿತ್ತು. ಜನ ಹುಲ್ಲಿನ ಮೇಲೆ ಗುಂಪುಗುಂಪಾಗಿ ಕೂತಿದ್ದರು. ಅಕ್ಕ ಚಪ್ಪಲಿ ಬಿಟ್ಟು ಕಾಲು ಚಾಚಿ ಕೂತು ಪುರಿ ಮುಕ್ಕಿದಳು. ಆಮೇಲೆ ಹೂವಿನ ಪಾತಿಗಳ ನಡುವೆ ನನ್ನನ್ನು ಅಟ್ಟಿಸಿಕೊಂಡು ಓಡಿದಳು, ಎಲ್ಲರಿಗೂ ಕೇಳುವಂತೆ ನಕ್ಕಳು. ಮನೆಯಲ್ಲಿ ಅವಳು ಹಾಗೆ ನಕ್ಕಿದ್ದನ್ನು ನಾನು ಕಂಡಿರಲಿಲ್ಲ.

ಕಲ್ಲುಬೆಂಚಿನ ಮೇಲೆ ಕೋಟು ತೊಟ್ಟ ಒಬ್ಬ, ಇಬ್ಬರು ಹೆಂಗಸರು. ಅಪ್ಪ ಅತ್ತ ಕಣ್ಣು ಹಾಯಿಸಿದ್ದರಿಂದ ಅವರೇ ಎಂದು ನನಗೆ ತಿಳಿಯಿತು.

"ಅಕ್ಕ, ಮೆತ್ತಗೆ ನಗು," ಅಂದೆ.

"ಇಲ್ಲಿ ನಮ್ಮನ್ನ ಯಾರು ನೋಡಕ್ಕೆ ಬತ್ತಾರೆ, ಸುಮ್ಕಿರೇ," ಅಂದಳು.

ಹೇಳಿಬಿಡಲೇ ಅನಿಸಿತು. ಆದರೂ ಹೇಳಲಿಲ್ಲ.

ನಾಲ್ಕು ದಿನ ಬಿಟ್ಟು ಅರಕಲಗೂಡಿನಿಂದ ಒಬ್ಬರು ಬಂದು, ಪಾರ್ಕಿನಲ್ಲಿ ನೋಡಿದ ಹುಡುಗಿ ಗಂಡುಬೀರಿಯಂತೆ, ಬೇಡವಂತೆ ಎಂದು ಜಗುಲಿಯಲ್ಲಿ ಅಪ್ಪನಿಗೆ ಹೇಳಿದರು. ಮೆಲ್ಲಗೇ ಹೇಳಿದರು, ಆದರೆ ಒಳಗಿದ್ದ ಅಕ್ಕನಿಗೆ ಕೇಳಿಸಿತು. ಅವಳು ಅಪ್ಪನನ್ನು ಏನೂ ಕೇಳಲಿಲ್ಲ. ಅವ್ವನನ್ನೂ ಕೇಳಲಿಲ್ಲ. ನನ್ನ ಹತ್ತಿರ ಬಂದು, "ನಿಂಗೂ ಗೊತ್ತಿತ್ತಾ?" ಅಂದಳು. ನಾನು ತಲೆ ತಗ್ಗಿಸಿದೆ. ಒಂದೇಟು ಹೊಡೆದಿದ್ದರೆ ಚೆನ್ನಾಗಿತ್ತು.

ಮುಂದೆ ಚನ್ನರಾಯಪಟ್ಟಣಕ್ಕೆ ಅವಳನ್ನು ಮದುವೆ ಮಾಡಿ ಕೊಟ್ಟರು. ಭಾವ ಒಳ್ಳೆಯವರು. ನಾನು ಹೋದಾಗಲೆಲ್ಲ ತಲೆ ಬಾಚಿ, ಬೇಕಾದ್ದು ಮಾಡಿ ಬಡಿಸುತ್ತಿದ್ದಳು. ಆದರೆ ಸಂಜೆ, ಬಾ ಅಕ್ಕ, ಕೆರೆ ಏರಿ ಮೇಲೆ ಓಡಾಡಿ ಬರೋಣ ಅಂದರೆ ಏಳುತ್ತಿರಲಿಲ್ಲ. ಮೊದಲು ನನ್ನ ಮುಖ ನೋಡಿ, ಅಲ್ಲಿಗೆ ಇನ್ಯಾರು ಬರುತ್ತಾರೆ ಎಂದು ಕೇಳುತ್ತಿದ್ದಳು.